ಮಗ್ಗಲ ಮನೆಯ ಸದ್ದು

ಹೊಸ ಮನೆಯ ವೈ-ಫೈಗೆ ಹಳೆಯ ಮನೆಯ ಹೆಸರು ಇಡಬೇಡಿ ಎಂದು ಊರಿಗೆಲ್ಲ ಬುದ್ಧಿ ಹೇಳುವುದೇ ಇಂದುಮತಿ ಕರ್ಜಗಿಯ ಕೆಲಸವಾಗಿತ್ತು. ಹುಬ್ಬಳ್ಳಿಯ ಮನೆಗಿವಿ ಕೇಂದ್ರದ ಕಂಟ್ರೋಲ್ ರೂಮಿನಲ್ಲಿ ಕುಳಿತು ಅವಳು ಈ ಮಾತನ್ನು ಎಷ್ಟು ಜನಕ್ಕೆ ಹೇಳಿದ್ದಳೆಂದರೆ, ನಿದ್ದೆಗಣ್ಣಿನಲ್ಲಿ ಕೇಳಿದರೂ ತಪ್ಪದೆ ಒಪ್ಪಿಸುತ್ತಿದ್ದಳು. ಅಂಥವಳು ನವನಗರದ ತನ್ನ ಸ್ವಂತ ಫ್ಲ್ಯಾಟಿಗೆ ಬಂದ ದಿನ ರೌಟರಿನ ಪ್ಲಗ್ ಚುಚ್ಚಿ, ಅದು ಹೆಸರು ಕೇಳಿದ ಕೂಡಲೇ ಹಿಂದೆ ಮುಂದೆ ನೋಡದೆ ಹಳೆಯ ಹೆಸರನ್ನೇ ಒತ್ತಿಬಿಟ್ಟಳು: ಚಾ ಆತೇನ.

ಆ ಹೆಸರಿಟ್ಟವನು ಅವಳ ಗಂಡ ಶಿವಪುತ್ರಪ್ಪ. ರೈಲಿನ ಡಬ್ಬಿಗಳಿಗೆ ವೆಲ್ಡಿಂಗ್ ಮಾಡುತ್ತಿದ್ದ ಆಸಾಮಿ. ಸಂಜೆ ಕೆಲಸದಿಂದ ಬಂದವನು ಚಪ್ಪಲಿ ಬಿಡುವ ಮೊದಲೇ ಬಾಗಿಲಲ್ಲಿ ನಿಂತು "ಚಾ ಆತೇನ?" ಎಂದು ಕೂಗುತ್ತಿದ್ದ. ಅವರಿದ್ದ ಪಾಯಿಂಟ್ಸ್‌ಮನ್ ಚಾಳಿಗೆ, ಅಂದರೆ ರೈಲ್ವೆ ಕೆಲಸಗಾರರ ಸಾಲುಮನೆಗಳಿಗೆ, ವೈ-ಫೈ ಬಂದಾಗ ಉಳಿದವರೆಲ್ಲ ದೇವರ ಹೆಸರು, ಮೊಮ್ಮಕ್ಕಳ ಹೆಸರು ಇಟ್ಟುಕೊಂಡರೆ ಇವನು ಇದನ್ನಿಟ್ಟ. ಓಣಿಯಲ್ಲಿ ಹಾದು ಹೋಗುವವರ ಫೋನಿನಲ್ಲೆಲ್ಲ 'ಚಾ ಆತೇನ' ಎಂದು ಕಾಣಿಸಿ, ಒಂದಿಬ್ಬರು ನಿಜವಾಗಿಯೂ ಒಳಗೆ ಬಂದು ಚಹಾ ಕುಡಿದು ಹೋಗಿದ್ದುಂಟು. ಅವನು ತೀರಿಕೊಂಡು ಮೂರು ವರ್ಷವಾಗಿತ್ತು.

ಇಷ್ಟಕ್ಕೂ ಒಂದು ಹೆಸರಿನಿಂದ ಆಗುವ ಅನಾಹುತವಾದರೂ ಏನು? ಅದು ತಿಳಿಯಬೇಕಾದರೆ ಮನೆಗಿವಿ ಏನೆಂದು ತಿಳಿಯಬೇಕು. ಅಂಗೈಯಗಲದ ಪೆಟ್ಟಿಗೆ ಅದು, ಗೋಡೆಯೊಳಗೆ ಕೂತಿರುತ್ತದೆ. ವಯಸ್ಸಾದವರು ಬಚ್ಚಲಲ್ಲಿ ಜಾರಿ ಬಿದ್ದರೆ, ಗ್ಯಾಸು ಸೋರಿದರೆ ಗೊತ್ತಾಗಲಿ ಎಂದು ಮನೆಮನೆಗೂ ಹಾಕಿಸಿದ್ದು. ಅದು ಮೊದಲು ಮನೆಯ ನಿತ್ಯದ ಸದ್ದನ್ನು ಕಲಿಯುತ್ತದೆ. ಯಾರ ಹೆಜ್ಜೆ ಹೇಗೆ, ಯಾರ ಕೆಮ್ಮು ಎಂಥದು ಎಂದು ಒಬ್ಬೊಬ್ಬರದನ್ನೂ ಬೇರೆ ಬೇರೆ ತೆಗೆದಿಟ್ಟುಕೊಳ್ಳುತ್ತದೆ. ಕಲಿತದ್ದಕ್ಕಿಂತ ಬೇರೆಯಾದ ಸದ್ದು ಬಂದರೆ ಕೇಂದ್ರಕ್ಕೆ ಸುದ್ದಿ ಮುಟ್ಟಿಸುತ್ತದೆ. ಆದರೆ ಮಾತನ್ನು ಮಾತ್ರ ಇಟ್ಟುಕೊಳ್ಳುವಂತಿಲ್ಲ, ಕಾನೂನು ಕಟ್ಟುನಿಟ್ಟು. ಮಾತು ಕಿವಿಗೆ ಬಿದ್ದೊಡನೆ ಅಳಿಸಿ, ಆ ಜಾಗದಲ್ಲಿ ಒಂದು ಗುಂಯ್ ಎನ್ನುವ ಸದ್ದನ್ನು ಬಿಡುತ್ತದೆ. ಮಾತೇ ಬೆಲೆಯುಳ್ಳದ್ದು, ಮಿಕ್ಕದ್ದೆಲ್ಲ ಕಸ ಎಂದು ಕಾನೂನು ಮಾಡಿದವರು ತಿಳಿದಿದ್ದರು.

ಜನ ಆ ಕಸಕ್ಕೇ ಗಂಟುಬಿದ್ದರು. ಪೆಟ್ಟಿಗೆಯಲ್ಲಿ ಹಳೆಯ ದಿನಗಳನ್ನು ಮತ್ತೆ ಕೇಳಬಹುದೆಂದು ಯಾರೋ ಕಂಡುಹಿಡಿದದ್ದೇ ತಡ, ರೊಟ್ಟಿ ಬಡಿಯುತ್ತ ಹತ್ತು ವರ್ಷದ ಹಿಂದಿನ ಒಂದು ಮುಂಜಾನೆಯನ್ನು ಸಣ್ಣಗೆ ಹಾಕಿಕೊಳ್ಳುವುದು ಮನೆಮನೆಯ ರೂಢಿಯಾಯಿತು. ಮದುವೆಯಾಗಿ ಹೋದ ಮಗಳ ಗೆಜ್ಜೆ, ಎಂದೋ ಮಾರಿದ ಎಮ್ಮೆಯ ಹಾಲು ಕರೆಯುವ ಸದ್ದು, ಯಾವುದೋ ಯುಗಾದಿಯ ಗದ್ದಲ. ಅತಿಯಾದದ್ದೂ ಉಂಟು. ನಿವೃತ್ತ ಮಾಸ್ತರರೊಬ್ಬರು ಮಕ್ಕಳಿದ್ದ ವರ್ಷವನ್ನೇ ಹಗಲಿರುಳು ಹಾಕಿಕೊಂಡು ಕೂತು, ನಿಜವಾದ ಮಗ ಬಂದು ಬಾಗಿಲು ಬಡಿದರೆ ಅದೂ ಹಳೆಯ ಸದ್ದೇ ಎಂದು ತೆರೆಯದೇ ಇದ್ದರು. ಅವರನ್ನು ಎಬ್ಬಿಸಲು ಫೋನು ಮಾಡಿದವಳು ಇಂದುಮತಿಯೇ. ಅಂದಿನಿಂದ ಅವಳು ತನಗೆ ತಾನೇ ಒಂದು ಕಟ್ಟು ಹಾಕಿಕೊಂಡಿದ್ದಳು. ಸಂಜೆ ಒಂದು ಕಪ್ ಚಹಾ ಮುಗಿಯುವ ತನಕ ಶಿವಪುತ್ರಪ್ಪ, ಆಮೇಲೆ ಅಡುಗೆ.

ಮೂರನೆಯ ರೈಲು ಹಳಿಗಾಗಿ ಚಾಳನ್ನು ಕೆಡವುವುದೆಂದು ನಿಶ್ಚಯವಾದಾಗ ಹಳೆಯ ಪೆಟ್ಟಿಗೆಗಳನ್ನೆಲ್ಲ ಕೇಂದ್ರಕ್ಕೆ ಮರಳಿಸಬೇಕಿತ್ತು. ಇಂದುಮತಿ ಬೇಸನ್ ಉಂಡೆಯ ಡಬ್ಬಿಯಷ್ಟು ದೊಡ್ಡದಾದ ಒಂದು ವೈರ್‌ಲೆಸ್ ಬ್ಯಾಕಪ್ ಡ್ರೈವ್ ತಂದು, ಚಾಳಿನ ಮನೆಯಲ್ಲೇ ಅದನ್ನು ಜೋಡಿಸಿ, ಇದ್ದ ಸದ್ದನ್ನೆಲ್ಲ ಅದಕ್ಕೆ ತುಂಬಿಕೊಂಡಳು. ಜೋಡಿಸುವಾಗ ಡ್ರೈವ್ ಒಂದು ಪ್ರಶ್ನೆ ಕೇಳಿತ್ತು. ಹೊಂದಿಸಲೋ, ಕೂಡಿಡಲೋ? ಕೂಡಿಡು ಎಂದರೆ ಬಂದದ್ದನ್ನೆಲ್ಲ ಬಿಡದೆ ಇಟ್ಟುಕೊಳ್ಳುತ್ತದೆ. ಹೊಂದಿಸು ಎಂದರೆ ಮನೆಯ ಪೆಟ್ಟಿಗೆಯಲ್ಲಿ ಇರುವುದನ್ನು ಇದ್ದ ಹಾಗೆ ಇಟ್ಟುಕೊಂಡು, ಅಲ್ಲಿ ಇಲ್ಲದ್ದನ್ನು ತಾನೂ ತೆಗೆದುಹಾಕುತ್ತದೆ. ಆಗ ಪೆಟ್ಟಿಗೆಯೂ ತುಂಬಿತ್ತು, ಮನೆಯೂ ಅದೇ. ಹೊಂದಿಸು ಎಂದಳು. ಪ್ರತಿ ಹೊಸ ಮನೆಯಲ್ಲೂ ಡ್ರೈವ್ ಮತ್ತೆ ಇದನ್ನೇ ಕೇಳುತ್ತದೆ. ಹೊಸ ಮನೆ ಎಂದು ಅದಕ್ಕೆ ತಿಳಿಯುವುದು ವೈ-ಫೈಯ ಹೆಸರಿನಿಂದ.

ಹೀಗಾಗಿ ನವನಗರದ ಮೂರನೆಯ ಮಹಡಿಯಲ್ಲಿ ಅದು ಏನೂ ಕೇಳಲಿಲ್ಲ. ಫ್ಯಾನು, ಗಡಿಯಾರ, ಫ್ರಿಜ್ಜು ಎಲ್ಲವೂ ಹಳೆಯ ಹೆಸರು ಕಂಡು ತಾವಾಗಿಯೇ ಬಂದು ಕೂಡಿಕೊಂಡವು. ಒಂದೊಂದಕ್ಕೂ ಹೊಸದಾಗಿ ಪರಿಚಯ ಹೇಳುವ ಕಿರಿಕಿರಿ ತಪ್ಪಿತು ಎಂದು ಇಂದುಮತಿಗೆ ಸಂತೋಷವೇ ಆಯಿತು. ಆದರೆ ಅವಳು ಆ ಹೆಸರಿಟ್ಟದ್ದು ಅದಕ್ಕಲ್ಲ. ಈ ಬಣ್ಣದ ವಾಸನೆಯ ಖಾಲಿ ಮನೆಯಲ್ಲಿ ಗಂಡನದು ಎನ್ನುವ ಒಂದಾದರೂ ಇರಲಿ ಎಂದು ಅವಳಿಗೆ ಅನಿಸಿತ್ತು. ಡ್ರೈವನ್ನು ದೇವರ ಜಗಲಿಯ ಪಕ್ಕದಲ್ಲಿಟ್ಟಳು. ಅದರ ನೀಲಿ ದೀಪ ಮಿಣುಕತೊಡಗಿತು.

ಆ ದಿನದ ಒಂದೇ ದುಃಖವೆಂದರೆ ಮೊಸರಿನದು. ಟೆಂಪೊದಲ್ಲಿ ಬರುವಾಗ ಗಡಿಗೆ ಉರುಳಿ, ಎಷ್ಟೋ ವರ್ಷಗಳಿಂದ ಬಿಡದೆ ನಡೆದುಬಂದಿದ್ದ ಹೆಪ್ಪು ಹಾಸಿಗೆಯ ಗಂಟಿನ ಪಾಲಾಗಿತ್ತು. ಅಂಗಡಿಯ ಮೊಸರು ತಂದು ಹೆಪ್ಪು ಹಾಕಿದರೆ ಮರುದಿನ ಹಾಲು ಲೋಳೆಲೋಳೆಯಾಗಿ ಕೂತಿತ್ತು.

ಸಾಮಾನು ಜೋಡಿಸುವ ಗಡಿಬಿಡಿಯಲ್ಲಿ ಒಂದು ವಾರ ಸಂಜೆಯ ಸದ್ದು ಕೇಳಲು ಆಗಲಿಲ್ಲ. ಎಲ್ಲ ಮುಗಿದು, ಚಹಾ ಸೋಸಿಕೊಂಡು, ಕಾಲು ಚಾಚಿ ಕುಳಿತು, "ಒಂದು ಸಂಜಿ ಹಾಕು" ಎಂದಳು. ಕುಕ್ಕರಿನ ಸೀಟಿ ಬಂತು. ದೂರದಲ್ಲಿ ರೈಲಿನ ಡಬ್ಬಿಗೆ ಡಬ್ಬಿ ತಾಗುವ ಸದ್ದು. ಅವಳ ಬಳೆ. ಇನ್ನೇನು ಚಪ್ಪಲಿಯ ಟಪಟಪ ಬರಬೇಕು, ಬರಲಿಲ್ಲ. ಬಾಗಿಲಲ್ಲಿ ಅವನ ಗುಂಯ್ ಬರಬೇಕು, ಅದೂ ಇಲ್ಲ. ಅಡುಗೆಮನೆಯಿಂದ ಅವಳ ಗುಂಯ್ ಮಾತ್ರ ಕೇಳಿಸಿತು, ಯಾರೂ ಏನೂ ಕೇಳದೆ ಉತ್ತರ ಕೊಟ್ಟ ಹಾಗೆ. ಹಲ್ಲು ಬಿದ್ದ ಮೇಲೆ ಅವನು ಎಲೆ ಅಡಿಕೆಯನ್ನು ಕುಟ್ಟಾಣಿಯಲ್ಲಿ ಕುಟ್ಟಿಕೊಳ್ಳುತ್ತಿದ್ದ. ಆ ಕುಟುಕುಟು ಇಲ್ಲ. ಕೆಮ್ಮು ಇಲ್ಲ.

ಇನ್ನೊಂದು ಸಂಜೆ ಹಾಕಿದಳು. ಮತ್ತೊಂದು. ಮಳೆಗಾಲದ್ದು, ದೀಪಾವಳಿಯದು. ಎಲ್ಲ ಕಡೆಯೂ ಅವನಿದ್ದ ಜಾಗವನ್ನು ಒದ್ದೆ ಅರಿವೆಯಲ್ಲಿ ಒರೆಸಿಟ್ಟಂತಿತ್ತು. ಡ್ರೈವಿನ ಕಡೆಗೆ ನೋಡಿದರೆ ಅದು ನೀಲಿ ದೀಪ ಮಿಣುಕಿಸುತ್ತ, ಪುಟ್ಟ ಪರದೆಯ ಮೇಲೆ ಬಹು ವಿನಯದಿಂದ 'ಹೊಂದಿಸುತ್ತಿದ್ದೇನೆ' ಎಂದು ತೋರಿಸುತ್ತಿತ್ತು. ಇಂದುಮತಿಗೆ ಎಲ್ಲವೂ ಒಮ್ಮೆಗೇ ಅರ್ಥವಾಯಿತು. ಓಡಿಹೋಗಿ ಪ್ಲಗ್ ಕಿತ್ತಳು. ಅವನು ಸತ್ತ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತವಳು ಅತ್ತಿರಲಿಲ್ಲ. ಈಗ ಅಡುಗೆಮನೆಯ ನೆಲದ ಮೇಲೆ ಕುಳಿತು, ತನ್ನ ಕೈಯಾರೆ ಕಳೆದೆನಲ್ಲ ಎಂದು ಬಿಕ್ಕಿ ಬಿಕ್ಕಿ ಅತ್ತಳು.

ಮರುದಿನ ಕಂಟ್ರೋಲ್ ರೂಮಿನಲ್ಲಿ ಡ್ರೈವನ್ನು ದಸ್ತಗೀರನ ಮುಂದಿಟ್ಟಳು. ಅವಳ ಪಕ್ಕದ ಮೇಜಿನಲ್ಲಿ ಹದಿನೈದು ವರ್ಷದಿಂದ ಕೂರುವ, ಹೊಟ್ಟೆ ಬಂದ, ಬಾಯಿ ಬಿಗಿ ಇಲ್ಲದ ಮನುಷ್ಯ. ಒಂದು ತಾಸು ಏನೇನೋ ತಂತಿ ಸಿಕ್ಕಿಸಿ ನೋಡಿದವನು ಕೊನೆಗೆ ಕನ್ನಡಕ ತೆಗೆದ.

"ಮೇಡಮ್ಮಾರ, ಹಳೇ ಹೆಸರ ಇಟ್ರೇನ್ರಿ?"

"ಇಟ್ಟೆ."

"ನೀವಽ?"

"ನಾನಽ. ಈಗ ನಗೂದಿದ್ರ ನಕ್ಕುಬಿಡು, ಆಮ್ಯಾಲೆ ಕೆಲಸಾ ನೋಡು."

ಅವನು ನಗಲಿಲ್ಲ. "ಚಾಳಿನ ಪೆಟ್ಟಿಗ್ಯಾಗ ಅಣ್ಣಾರ ಸದ್ದು ಇತ್ತು, ಡ್ರೈವಿನಾಗೂ ಇತ್ತು. ಹೊಂದಿಕಿ ಆಗಿತ್ತು. ಹೊಸಾ ಮನಿ ಪೆಟ್ಟಿಗಿ ಖಾಲಿ. ಇದು ಅದಽ ಮನಿ ಅಂತ ತಿಳ್ಕೊಂಡೈತಿ. ನಿಮ್ಮ ಕೈಬಳಿ, ನಿಮ್ಮ ಕುಕ್ಕರು ದಿನಾ ಕೇಳತಾವು, ಅವನ್ನ ಉಳಿಸೇತಿ. ಅದರ ಲೆಕ್ಕದಾಗ ಆ ಮನ್ಯಾಗ ಅಂಥಾ ಮನಷ್ಯಾ ಇಲ್ಲಽ ಇಲ್ಲ." ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

"ತಿರುಗಿ ತಗಿಯಾಕ ಬರೂದಿಲ್ಲೇನು?"

"ಬರೇ ಅಳಿಸಿದ್ರ ತಗೀಬಹುದಿತ್ತರೀ. ಅದರ ಮ್ಯಾಲೆ ಹೊಸಾ ಮನಿ ಸುಮ್ಮನಿರೂದನ್ನ ಬರದು ಕೂತೈತಿ. ಚಾಳಿನ ಪೆಟ್ಟಿಗಿ ಇದ್ರ..." ಎಂದು ಅವನು ನಿಲ್ಲಿಸಿದ. ಮರಳಿ ಬಂದ ಪೆಟ್ಟಿಗೆಗಳನ್ನು ಅಂದೇ ಅರೆದು ಪುಡಿ ಮಾಡುವುದು ನಿಯಮ. ಚಾಳಿನ ಪೆಟ್ಟಿಗೆಗಳನ್ನು ಅರೆಸಲು ಕಳುಹಿಸಿದವಳು ಇಂದುಮತಿಯೇ. ತನ್ನದನ್ನು ಎಲ್ಲರಿಗಿಂತ ಮೊದಲು ಕೊಟ್ಟು ಮೇಲ್ಪಂಕ್ತಿ ಹಾಕಿದ್ದಳು.

ಮನೆಗೆ ಬಂದರೆ ಹಾಲು ಮತ್ತೆ ಲೋಳೆಯಾಗಿತ್ತು. ಪಾತ್ರೆಯನ್ನು ಬಚ್ಚಲಿಗೆ ಸುರಿಯುತ್ತ ಅವಳಿಗೆ ಚಾಳಿನ ನೆನಪಾಯಿತು. ಅಲ್ಲಿ ಹೆಪ್ಪು ಕೆಟ್ಟರೆ ಚಿಂತೆಯೇ ಇರಲಿಲ್ಲ. ಖಾಲಿ ಬಟ್ಟಲನ್ನು ಹಿತ್ತಲಿನ ಗಿಡ್ಡ ಗೋಡೆಯ ಮೇಲಿಟ್ಟರೆ ಸಾಕು, ಮಗ್ಗಲ ಮನೆಯ ತುಳಜಾಬಾಯಿ ಭಾಂಡಗೆ ಅದರಲ್ಲಿ ಒಂದು ಚಮಚ ಮೊಸರು ಹಾಕಿಡುತ್ತಿದ್ದಳು. ಅವಳದು ಕೆಟ್ಟಾಗ ಇವಳು. ಹೀಗಾಗಿ ಎರಡೂ ಮನೆಯದು ಒಂದೇ ಹೆಪ್ಪು. ಕಡೆಯ ಮೂರು ವರ್ಷ ಇಬ್ಬರಿಗೂ ಮಾತಿರಲಿಲ್ಲ, ಆದರೂ ಬಟ್ಟಲು ಗೋಡೆ ಹತ್ತುವುದು ನಿಂತಿರಲಿಲ್ಲ.

ಮಾತು ನಿಂತದ್ದಕ್ಕೆ ಕಾರಣ ಆ ಕುಟ್ಟಾಣಿ. ಎರಡು ಮನೆಗೂ ನಡುವೆ ಒಂದೇ ಗೋಡೆ. ಶಿವಪುತ್ರಪ್ಪ ಈ ಕಡೆ ಎಲೆ ಅಡಿಕೆ ಕುಟ್ಟಿದರೆ, ಆ ಕಡೆಯ ಮನೆಗಿವಿ ತುಳಜಾಬಾಯಿಯೇ ಬಿದ್ದು ಗೋಡೆ ಬಡಿಯುತ್ತಿದ್ದಾಳೆಂದು ತಿಳಿದು ಕೇಂದ್ರಕ್ಕೆ ಸುದ್ದಿ ಕೊಡುತ್ತಿತ್ತು. ಕೇಂದ್ರದಿಂದ ಫೋನು ಹೋಗುತ್ತಿತ್ತು. "ದಿನಾ ಊಟಾ ಆದ ಮ್ಯಾಲೆ ಫೋನ್ ಹಚ್ಚಿ ಜೀವಂತ ಅದೀರೇನು ಅಂತ ಕೇಳ್ತಾರು, ಏನ್ ಉತ್ತರಾ ಕೊಡ್ಲಿ ಅವರಿಗೆ?" ಎಂದು ತುಳಜಾಬಾಯಿ ದೂರು ಕೊಟ್ಟಳು. ಮುಂದೆ ಅವನು ತೀರಿಕೊಂಡಾಗ ಅವಳು ಬಂದು ಇಂದುಮತಿಯ ಪಕ್ಕ ಕೂತು ಕೈ ಹಿಡಿದಳು. ಇಂದುಮತಿ ಕೈ ಬಿಡಿಸಿಕೊಂಡು, "ಇನ್ನ ನಿಮಗ ಕುಟ್ಟಾಣಿ ಕಾಟಾ ಇಲ್ಲ ಬಿಡ್ರಿ" ಎಂದುಬಿಟ್ಟಳು. ಆಡಿದ ಮೇಲೆ ನಾಚಿಕೆಯಾಯಿತು, ಹೇಳಿಕೊಳ್ಳಲು ಬಾಯಿ ಬರಲಿಲ್ಲ.

ದೂರು ಬಂದಾಗ ಅದನ್ನು ಸರಿಪಡಿಸಲು ಹೋದವಳು ಮತ್ತಾರೂ ಅಲ್ಲ, ಇವಳೇ. ಮಗ್ಗಲ ಮನೆಯ ಸದ್ದನ್ನು ಬಿಟ್ಟುಬಿಡು ಎಂದು ಪೆಟ್ಟಿಗೆಗೆ ಕಲಿಸಬೇಕಿತ್ತು. ತುಳಜಾಬಾಯಿಯ ಪಡಸಾಲೆಯಲ್ಲಿ ಕುಳಿತು ಗೋಡೆಗೆ ಬಾಯಿ ಹಚ್ಚಿ, "ಹೂಂ, ಈಗ ಕೆಮ್ಮರಿ!" ಎಂದು ಕೂಗಿದ್ದಳು. ಆ ಕಡೆಯಿಂದ, "ಬೇಕಂದಾಗ ಹೆಂಗ ಬರತೈತಲೇ ಕೆಮ್ಮು? ಬರವಲ್ದು!" ಎಂಬ ಉತ್ತರ. ಅಡ್ಡಾಡಿರಿ ಎಂದರೆ ಪರೇಡಿನವರಂತೆ ಕಾಲು ಅಪ್ಪಳಿಸಿ ನಡೆದ. ಕುಟ್ಟಿರಿ ಎಂದರೆ ತಾಳ ಹಾಕಿ ಕುಟ್ಟಿದ. ತುಳಜಾಬಾಯಿಗೂ ಇಂದುಮತಿಗೂ ನಕ್ಕು ನಕ್ಕು ಪಕ್ಕೆ ಹಿಡಿದಿತ್ತು.

ಬಚ್ಚಲಲ್ಲಿ ಪಾತ್ರೆ ಹಿಡಿದು ನಿಂತಿದ್ದ ಇಂದುಮತಿಯ ಕೈ ಅಲ್ಲೇ ನಿಂತಿತು. ಒಂದು ಸದ್ದನ್ನು ಬಿಟ್ಟುಬಿಡಬೇಕಾದರೆ ಪೆಟ್ಟಿಗೆಗೆ ಆ ಸದ್ದು ಗೊತ್ತಿರಬೇಕು. ಹೊಸದು ಕೇಳಿದಾಗಲೆಲ್ಲ ಹೋಲಿಸಿ ನೋಡಲು ಒಂದು ಪ್ರತಿ ಇಟ್ಟುಕೊಳ್ಳಬೇಕು. 'ನಮ್ಮದಲ್ಲ' ಎಂಬ ಮೂಲೆಯೊಂದರಲ್ಲಿ ಅದನ್ನು ಕೂಡಿಡುತ್ತದೆ, ಎಂದೂ ಅಳಿಸುವುದಿಲ್ಲ. ಹಾಗಾದರೆ ಶಿವಪುತ್ರಪ್ಪ ತುಳಜಾಬಾಯಿಯ ಪೆಟ್ಟಿಗೆಯಲ್ಲಿದ್ದಾನೆ.

ಕೂಡಲೇ ದಸ್ತಗೀರನಿಗೆ ಫೋನು ಮಾಡಿದಳು. "ಭಾಂಡಗೆಯವರ ಪೆಟ್ಟಿಗಿ ನೋಡು. ಅರಿಯಾಕ ಹೋತೇನು?"

ಅವನು ಹುಡುಕಿ ಹೇಳಿದ. "ಬಂದಽ ಇಲ್ರಿ ಅದು. ಕಳದೈತಿ ಅಂತ ಹೇಳ್ಯಾರ."

ಸ್ವಲ್ಪ ಜೀವ ಬಂದದ್ದು ಮತ್ತೆ ಹೋದ ಹಾಗಾಯಿತು. ಆದರೂ ಡ್ರೈವನ್ನು ಚೀಲಕ್ಕೆ ಹಾಕಿಕೊಂಡು, ಕೇಶ್ವಾಪುರದಲ್ಲಿ ತುಳಜಾಬಾಯಿಯ ಮಗ ಕಟ್ಟಿಸಿದ ಮನೆಗೆ ಆಟೊ ಹಿಡಿದಳು. ಮೂರು ವರ್ಷ ಆಡದ ಮಾತನ್ನು ಎಲ್ಲಿಂದ ಶುರು ಮಾಡುವುದೆಂದು ದಾರಿಯುದ್ದಕ್ಕೂ ಯೋಚಿಸಿದರೂ ಹೊಳೆಯಲಿಲ್ಲ. ಬಾಗಿಲು ತೆರೆದಾಗ ಬಾಯಿಗೆ ಬಂದದ್ದು, "ಒಂದೀಟು ಹೆಪ್ಪು ಬೇಕಾಗಿತ್ತು."

ತುಳಜಾಬಾಯಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ನೋಡಿದವಳ ಕಣ್ಣು ತುಂಬಿಬಂತು, ಆದರೆ ದನಿ ಮಾತ್ರ ಹಳೆಯದೇ. "ದೀಪಾ ಹಚ್ಚಿದ ಮ್ಯಾಲೆ ಯಾರರೆ ಹೆಪ್ಪು ಕೊಡ್ತಾರೇನವಾ? ಇಷ್ಟು ವರ್ಷಾದರೂ ತಿಳೀಲಿಲ್ಲಲ್ಲ ನಿನಗ. ಮುಂಜಾನೆ ಕೊಡ್ತೇನಿ. ಅಲ್ಲೀತನಾ ಇಲ್ಲೇ ಇರು. ಮಗಾ ಸೊಸಿ ಅಂಗಡಿಯಿಂದ ಬರೂದು ತಡಾ ಐತಿ."

ಇಂದುಮತಿ ಒಳಗೆ ಬಂದು ಕುಳಿತು, ಸುತ್ತಿ ಬಳಸದೆ ಎಲ್ಲ ಹೇಳಿದಳು. ಹೆಸರಿನ ತಪ್ಪು, ಒರೆಸಿಹೋದ ಸಂಜೆಗಳು, ಎಲ್ಲ. ಅಂದು ಆಡಿದ ಮಾತಿಗೆ ತಪ್ಪಾಯಿತು ಎಂದಳು. ಕೊನೆಗೆ ಕೇಳಿದಳು, "ಪೆಟ್ಟಿಗಿ ಖರೇನಽ ಕಳದೈತೇನ್ರಿ?"

ತುಳಜಾಬಾಯಿ ಎದ್ದುಹೋಗಿ, ಮಲಗುವ ಕೋಣೆಯ ದಿಂಬಿನ ಹತ್ತಿರದಿಂದ, ಕೈವಸ್ತ್ರದಲ್ಲಿ ಸುತ್ತಿದ ಪೆಟ್ಟಿಗೆಯನ್ನು ತಂದು ಮುಂದಿಟ್ಟಳು.

"ಸುಳ್ಳ ಹೇಳೇನಿ. ನೀ ಆಫೀಸಿನ್ಯಾಕಿ, ಬೇಕಾದ್ರ ಕೇಸ್ ಹಾಕು. ಈ ಮನ್ಯಾಗ ಬಾಜೂ ಗ್ವಾಡಿ ಇಲ್ಲ, ನಾಕೂ ಕಡೆ ಬಯಲು. ಬಂದ ದಿನದಿಂದ ನಿದ್ದಿ ಹತ್ತವಲ್ದು. ಬಿಟ್ಟ ಸದ್ದು ಯಾವುದು ಅಂತ ನೋಡಾಕ ಈ ಗುಂಡಿ ಒತ್ತಬೇಕು ಅಂತ ನೀನಽ ಕಲಿಸಿದ್ದಿ. ಒತ್ತಿದೆ. ಕುಟುಕುಟು ಅಂತು. ಹಂಗಽ ನಿದ್ದಿ ಬಂತು. ಅವತ್ತಿಂದ ದಿನಾ ಒತ್ತತೇನಿ." ಎಂದವಳು ಮುಖ ಆಚೆ ತಿರುಗಿಸಿ, "ಬಡದಾಡಿದ್ದೂ ಅದಕ್ಕಽ ಅಲ್ಲೇನು!" ಎಂದಳು.

ಗುಂಡಿ ಒತ್ತಿದರು. ಚಪ್ಪಲಿಯ ಟಪಟಪ ಬಂತು, ಗೋಡೆಯ ಆಚೆಯಿಂದ ಬಂದಂತೆ ಮೆತ್ತಗೆ. ಇಂದುಮತಿ ಬಾಯಿಗೆ ಸೆರಗು ಒತ್ತಿಕೊಂಡಳು. ಬಾಗಿಲ ಹತ್ತಿರ ಒಂದು ಗುಂಯ್. ಅದು ಅವನದು, ಮಾತು ಅಳಿಸಿದ್ದರೂ ಅವಳಿಗೆ ಗೊತ್ತು. ಒಡನೆಯೇ ಒಳಗಿನಿಂದ ಇನ್ನೊಂದು ಗುಂಯ್. ಆಮೇಲೆ ಬಳೆ, ಬಸಿ ತಟ್ಟೆಗೆ ತಾಗುವ ಕಪ್ಪು, ಅವನ ಕೆಮ್ಮು, ಅದರ ಮೇಲೆ ಒಂದು ಹೆಂಗಸಿನ ನಗು. ದೊಡ್ಡ ನಗು, ಓಣಿಯ ಕೊನೆಗೂ ಕೇಳುವಂಥದು.

"ಯಾರಿದು ನಗೂದು?" ಎಂದಳು ಇಂದುಮತಿ.

"ಯಾರಂದ್ರ? ನೀನಽ! ದಿನಾ ಹಂಗಽ ನಗತಿದ್ದಿ. ಏನ್ ಹೇಳತಿದ್ದನೋ ಏನೋ ಆ ಪುಣ್ಯಾತ್ಮ."

ಇಂದುಮತಿಯ ಸ್ವಂತ ಪೆಟ್ಟಿಗೆ ಅವನ ಸದ್ದನ್ನು ಬೇರೆ, ಅವಳ ಸದ್ದನ್ನು ಬೇರೆ ತೆಗೆದಿಟ್ಟಿತ್ತು. ಸಂಜೆ ಎರಡೂ ಒಟ್ಟಿಗೆ ಬಂದರೂ ಅವಳ ಗಮನ ಅವನ ಮೇಲೆ ಮಾತ್ರ. ತನ್ನ ಕಡೆಗೆ ಎಂದೂ ಕಿವಿಗೊಟ್ಟಿರಲಿಲ್ಲ. ತುಳಜಾಬಾಯಿಯ ಪೆಟ್ಟಿಗೆ ಮಾತ್ರ ಆ ಗೋಜಿಗೇ ಹೋಗಿರಲಿಲ್ಲ. ಗೋಡೆಯ ಆಚೆಯದೆಲ್ಲ ಅದಕ್ಕೆ ಒಂದೇ ಸದ್ದು. ಇಬ್ಬರನ್ನೂ ಬಿಡಿಸದೆ ಹಾಗೇ ಇಟ್ಟುಕೊಂಡಿತ್ತು.

ಚೀಲದಿಂದ ಡ್ರೈವ್ ತೆಗೆದು ಪೆಟ್ಟಿಗೆಯ ಹತ್ತಿರ ಇಟ್ಟಾಗ, ಗೊತ್ತಿಲ್ಲದ ಹೆಸರು ಕಂಡು ಅದು ಈ ಸಲ ಕೇಳಿತು. ಇದು ಹೊಸ ಮನೆ. ಹೊಂದಿಸಲೋ, ಕೂಡಿಡಲೋ? ಇಂದುಮತಿ 'ಕೂಡಿಡು' ಒತ್ತಿ, ಒತ್ತಿದ್ದು ಸರಿಯೇ ಎಂದು ಮತ್ತೊಮ್ಮೆ ನೋಡಿದಳು. ನೀಲಿ ದೀಪ ಮಿಣುಕುತ್ತಿರಲು ಇಬ್ಬರೂ ಜುಣಕದ ವಡಿ ಮತ್ತು ರೊಟ್ಟಿ ಉಂಡರು.

"ಕಳದೈತಿ ಅಂತ ಬರಸಿದ್ದೀರಲ್ಲ, ಅದು ಹಂಗಽ ಇರಲಿ" ಎಂದಳು ಇಂದುಮತಿ ಮಲಗುವ ಮುನ್ನ. "ಆಫೀಸಿನವರಿಗೆ ನಾ ಏನೂ ಹೇಳೂದಿಲ್ಲ."

ಬೆಳಗ್ಗೆ ಬಟ್ಟಲಲ್ಲಿ ಹೆಪ್ಪು ಹಿಡಿದುಕೊಂಡು, ಅದು ತುಳುಕದ ಹಾಗೆ ಆಟೊದವನಿಗೆ ಹತ್ತು ಸಲ ನಿಧಾನ ಎಂದು ಹೇಳಿ ಮನೆಗೆ ಬಂದಳು. ಹಾಲು ಬೆಚ್ಚಗೆ ಮಾಡಿ ಹೆಪ್ಪು ಹಾಕಿ ಮುಚ್ಚಿಟ್ಟಳು. ಆಮೇಲೆ ರೌಟರಿನ ಮುಂದೆ ಕುಳಿತು ಹಳೆಯ ಹೆಸರನ್ನು ಅಳಿಸಿದಳು. ಫ್ಯಾನು ನಿಂತಿತು, ಗಡಿಯಾರ ತಬ್ಬಿಬ್ಬಾಯಿತು, ಫ್ರಿಜ್ಜು ಯಾರನ್ನು ನಂಬಲಿ ಎಂದು ಕೆಂಪು ದೀಪ ಹಚ್ಚಿತು. ಒಂದೊಂದಕ್ಕೂ ಹೊಸದಾಗಿ ಪರಿಚಯ ಹೇಳಬೇಕು, ಇಡೀ ದಿನದ ಕೆಲಸ. ಮಾಡಿದರಾಯಿತು ಎಂದುಕೊಂಡಳು.

ರೌಟರು ಹೆಸರು ಕೇಳಿತು. ಮೂವತ್ತು ವರ್ಷ ಬಾಗಿಲಿನಿಂದ ಬಂದ ಆ ಪ್ರಶ್ನೆಗೆ ಅಡುಗೆಮನೆಯಿಂದ ಅವಳು ಕೊಟ್ಟ ಉತ್ತರ ಯಾವ ಪೆಟ್ಟಿಗೆಯಲ್ಲೂ ಉಳಿದಿರಲಿಲ್ಲ, ಕಾನೂನು ಅದನ್ನು ಗುಂಯ್ ಮಾಡಿತ್ತು. ಇಂದುಮತಿ ಒಂದೊಂದೇ ಅಕ್ಷರ ಒತ್ತಿದಳು.

ಆತು, ಬರ್ರಿ.